ದೊಡ್ಡ ಸೇನಾ ತಾಲೀಮಿಗೆ ಜಾಗ: ಕಾಡಂಚೋ, ಕೊಯ್ಲಾದ ಬಯಲೋ?

ತೀರ್ಥಹಳ್ಳಿ ಕಡೆಯ ಕಾಡಂಚು, ಶಿಕಾರಿಪುರ ಕಡೆಯ ಬಯಲು. ಎರಡರಲ್ಲಿ ಒಂದು ಆರಿಸಿ ಅಂದ್ರೆ ನಾನು ಬಯಲನ್ನೇ ಹೇಳುತ್ತೇನೆ.

ಕಾಡಲ್ಲಿ ಮರೆ ಚೆನ್ನಾಗಿ ಸಿಗುತ್ತದೆ, ನಿಜ. ಆದರೆ ಮಳೆಗಾಲದಲ್ಲಿ ದಾರಿಯೆಲ್ಲ ಕೆಸರು, ಅದು ಬೇಡ ಅಂತ ಡಿಸೆಂಬರ್‌ನಿಂದ ಮೇ ಒಳಗೆ ಇಟ್ಟುಕೊಂಡರೆ ಅದೇ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗುರುತಿಸಿದ ಈ ಜ್ವರ ಉಣುಗಿನಿಂದ ಹರಡುತ್ತದೆ, ಸೈನಿಕರಿಗೂ ಬಿಡಲ್ಲ. ಮೇಲಿಂದ ಒಣ ತರಗೆಲೆ, ಒಂದು ಕಿಡಿ ಸಾಕು.

ಬಯಲಲ್ಲಿ ಬದು ಮುರಿಯಬಹುದು, ಪೈಪ್ ಒಡೆಯಬಹುದು. ಅಂಥ ನಷ್ಟಕ್ಕೆ ಸೇನಾ ತಾಲೀಮಿನ ಕುರಿತ 1938ರ ಕಾಯ್ದೆಯಲ್ಲಿ ಪರಿಹಾರ ಉಂಟು. ಸುಟ್ಟ ಕಾಡನ್ನು ಯಾರು ಕಟ್ಟಿಕೊಡ್ತಾರೆ? ಬೇಸಿಗೆ ಬೆಳೆ ಹಾಕುವವರನ್ನು ಮಾತ್ರ ಬಿತ್ತನೆಗೆ ಮುಂಚೆಯೇ ಕೇಳಿಬಿಡಿ.