ಐಆರ್ ರಿಮೋಟ್‌ನ ಬಿಎಲ್‌ಡಿಸಿ ಫ್ಯಾನ್: ಬೇಸಿಗೆ, ಮಳೆಗಾಲ ಎರಡನ್ನೂ ಕಂಡ ಮೇಲೆ

ಬಿಎಲ್‌ಡಿಸಿ ಅಂದರೆ ಡಿಸಿ ಕರೆಂಟಿನ ಮೋಟಾರ್ ಇರುವ, ಕಡಿಮೆ ವಿದ್ಯುತ್ ತಿನ್ನುವ ಫ್ಯಾನ್. ಇಂಥ ರಿಮೋಟ್ ಫ್ಯಾನ್ ಕೊಳ್ಳುವವರು ಬಣ್ಣ ಕೇಳುತ್ತಾರೆ, ಸ್ಟಾರ್ ಎಷ್ಟು ಅಂತ ಕೇಳುತ್ತಾರೆ, ವಾರಂಟಿ ಕೇಳುತ್ತಾರೆ. ರಿಮೋಟ್ ಐಆರ್ (ಕಾಣದ ಬೆಳಕಿನ) ಬಗೆಯದೋ ಆರ್‌ಎಫ್ (ರೇಡಿಯೋ ಅಲೆಯ) ಬಗೆಯದೋ ಅಂತ ಯಾರೂ ಕೇಳುವುದಿಲ್ಲ. ಮುಂಬೈಯಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ನಾನು ಹೇಳಬೇಕಾದದ್ದು ರಿಮೋಟ್ ಬಗ್ಗೆ.

ನಮ್ಮದು ಮುಲುಂಡ್ ಪೂರ್ವದ ಹಳೆಯ ಸೊಸೈಟಿ. ಒಂದು ವಿಂಗ್‌ನ ಕಿಟಕಿಯಿಂದ ಇನ್ನೊಂದು ವಿಂಗ್‌ನ ಅಡುಗೆಮನೆ ಕಾಣುತ್ತದೆ, ಫೋನಿನಲ್ಲಿ ವೈಫೈ ಪಟ್ಟಿ ತೆರೆದರೆ ಅರ್ಧ ಬಿಲ್ಡಿಂಗ್ ಅದರಲ್ಲಿ ಇರುತ್ತದೆ. ಮಲಗುವ ಕೋಣೆಯಲ್ಲಿ ಮೊದಲು ಇದ್ದದ್ದು ಆರ್‌ಎಫ್ ರಿಮೋಟ್‌ನ ಫ್ಯಾನ್. ನಡುರಾತ್ರಿ ತಾನಾಗಿಯೇ ಜೋರಾಗುತ್ತಿತ್ತು, ಕೆಲವು ಸಲ ನಿಂತೇ ಹೋಗುತ್ತಿತ್ತು, ಸೆಖೆಗೆ ಮಗು ಎದ್ದು ಅಳುತ್ತಿತ್ತು. ಸರ್ವಿಸ್‌ನವರು ಬಂದು ರಿಸೀವರ್ ಬದಲಿಸಿ ಹೋದರು. ಆಮೇಲೂ ಅದೇ ಕಥೆ. ಕೊನೆಗೆ ಲಿಫ್ಟ್‌ನಲ್ಲಿ ಮಾತಾಡುವಾಗ ಗೊತ್ತಾಯಿತು, ಮೇಲಿನ ಮನೆಯವರೂ ಅದೇ ಮಾಡೆಲ್ ಹಾಕಿಸಿದ್ದರು. ಅವರು ಒತ್ತಿದ ಬಟನ್ ನಮ್ಮ ಫ್ಯಾನಿಗೂ ತಲುಪುತ್ತಿತ್ತು!

ಇದು ಯಾಕೆ ಆಗುತ್ತದೆ ಅಂದರೆ, ಆರ್‌ಎಫ್ ಅಂದರೆ ರೇಡಿಯೋ ಅಲೆ, ಅದು ಗೋಡೆ ದಾಟುತ್ತದೆ. ಇಂಥ ಬಹಳಷ್ಟು ರಿಮೋಟ್‌ಗಳು 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ವೈರ್ ಇಲ್ಲದ ಕಾಲಿಂಗ್ ಬೆಲ್, ಗೇಟ್ ರಿಮೋಟ್, ಕೆಲವು ಕಾರಿನ ಕೀ, ಇವುಗಳಲ್ಲೂ ಬಹಳಷ್ಟು ಅಲ್ಲೇ. ಹಳೆಯ ನಮೂನೆಯ ರಿಸೀವರ್‌ನಲ್ಲಿ ನಾಲ್ಕು ಪುಟ್ಟ ಸ್ವಿಚ್ ಇರುತ್ತವೆ, ಅವನ್ನು ಮೇಲೆ ಕೆಳಗೆ ಮಾಡಿದರೆ ಒಟ್ಟು 16 ಕೋಡ್ ಮಾತ್ರ ಸಿಗುತ್ತವೆ. ಫ್ಯಾಕ್ಟರಿಯಿಂದ ಬಂದ ಹಾಗೇ ಬಿಟ್ಟರೆ ಎರಡು ಮನೆಗೆ ಒಂದೇ ಕೋಡ್. ಇನ್ನೂ ಒಂದು ತೊಂದರೆ ಇದೆ. ಕೆಲವು ಫ್ಯಾನ್‌ಗಳಲ್ಲಿ ರಿಸೀವರ್ ಕೂರುವುದು ಛಾವಣಿ ಹತ್ತಿರ, ಫ್ಯಾನಿನ ಲೋಹದ ಕಪ್ ಒಳಗೆ. ಆಂಟೆನಾ ತಂತಿಯನ್ನು ಅದರೊಳಗೇ ಸುತ್ತಿ ತುರುಕಿದ್ದರೆ ನಮ್ಮದೇ ರಿಮೋಟ್‌ಗೆ ಸಿಗ್ನಲ್ ಸಿಗದೆ ಹೋಗಬಹುದು. ಹೊಸ ಮಾಡೆಲ್‌ಗಳಲ್ಲಿ ಪ್ರತಿ ರಿಮೋಟ್‌ಗೂ ಬೇರೆ ಕೋಡ್ ಇರುತ್ತದೆ, ಅವು ಎಷ್ಟೋ ವಾಸಿ. ಆದರೆ ಅಂಗಡಿಯಲ್ಲಿ ನಿಂತು ಅದನ್ನು ತಿಳಿಯುವುದು ಹೇಗೆ?

ಐಆರ್ ಅಂದರೆ ಟಿವಿ ರಿಮೋಟ್‌ನಲ್ಲಿ ಇರುವಂಥದ್ದೇ. ಕಣ್ಣಿಗೆ ಕಾಣದ ಬೆಳಕು, ಸಾಮಾನ್ಯವಾಗಿ ಸೆಕೆಂಡಿಗೆ 38 ಸಾವಿರ ಸಲ ಮಿನುಗುತ್ತದೆ. ಗೋಡೆ ದಾಟುವುದಿಲ್ಲ. ಅಂಗಡಿಯವರು ಇದನ್ನೇ ಕೊರತೆ ಅಂತ ಹೇಳಿ ಆರ್‌ಎಫ್ ಮಾರುತ್ತಾರೆ. ಫ್ಲ್ಯಾಟ್‌ನಲ್ಲಿ ಇರುವವರಿಗೆ ಅದೇ ದೊಡ್ಡ ಅನುಕೂಲ, ಅಲ್ವಾ? ನಮ್ಮ ಕೋಣೆಯ ಮಾತು ನಮ್ಮ ಕೋಣೆಯಲ್ಲೇ ಉಳಿಯುತ್ತದೆ. ಐಆರ್ ಫ್ಯಾನ್ ಬಂದ ಮೇಲೆ ರಾತ್ರಿ ಒಮ್ಮೆಯೂ ಅದು ತಾನಾಗಿ ಹೆಚ್ಚು ಕಡಿಮೆ ಆಗಿಲ್ಲ.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಹಾಲ್‌ನಲ್ಲಿ ಒಂದೇ ಮಾಡೆಲ್‌ನ ಎರಡು ಫ್ಯಾನ್ ಇವೆ, ಒಂದಕ್ಕೆ ಒತ್ತಿದರೆ ಎರಡೂ ಕೇಳುತ್ತವೆ. ಬೇಡದ ಫ್ಯಾನಿನ ಸ್ವಿಚ್ ಗೋಡೆಯಲ್ಲಿ ಆರಿಸಿ, ಇನ್ನೊಂದನ್ನು ಹೊಂದಿಸಿ, ಆಮೇಲೆ ಹಾಕುತ್ತೇವೆ. ಕಿರಿಕಿರಿಯೇ. ಒಂದೇ ಕೋಣೆಗೆ ಎರಡು ಬೇಕಿದ್ದರೆ ಬೇರೆ ಬೇರೆ ಕಂಪನಿಯವು ತೆಗೆದುಕೊಳ್ಳಿ. ಪಶ್ಚಿಮದ ಕಿಟಕಿಯಿಂದ ಸಂಜೆ ಬಿಸಿಲು ನೇರವಾಗಿ ರಿಸೀವರ್ ಮೇಲೆ ಬಿದ್ದರೆ ರಿಮೋಟ್ ಹತ್ತಿರದಿಂದಲೇ ಹಿಡಿಯಬೇಕು, ಪರದೆ ಎಳೆದರೆ ಸರಿಹೋಗುತ್ತದೆ. ಹಳೆಯ ಸಿಎಫ್‌ಎಲ್ ಬಲ್ಬ್ ಇದ್ದರೂ ಹೀಗೇ ಆಗಬಹುದು. ಮಳೆಗಾಲದ ತೇವಕ್ಕೆ ರಿಮೋಟ್‌ನ ಸೆಲ್ ತುದಿಗಳು ಹಸಿರುಗಟ್ಟುತ್ತವೆ, ಜೂನ್‌ಗೆ ಮುಂಚೆ ಒಮ್ಮೆ ಒರೆಸಿಡಿ.

ವೈಫೈ ಇರುವ ಸ್ಮಾರ್ಟ್ ಫ್ಯಾನ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಬಹುತೇಕ ಅವು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತವೆ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ, ಬ್ಲೂಟೂತ್ ಕೂಡ ಅದೇ ಜಾಗದಲ್ಲಿ. ಕರೆಂಟ್ ಹೋಗಿ ಬಂದಾಗ ರೌಟರ್ ಎದ್ದೇಳುವವರೆಗೆ ಆ್ಯಪ್ ಸುಮ್ನೆ ತಿರುಗುತ್ತಿರುತ್ತದೆ. ಬೇಕಿದ್ದರೆ ಕೊಳ್ಳಿ, ಜೊತೆಗೆ ಐಆರ್ ರಿಮೋಟ್ ಇರುವುದನ್ನೇ ಕೊಳ್ಳಿ.

ವೈರಿಂಗ್ ವಿಷಯಕ್ಕೆ ಗಟ್ಟಿಯಾಗಿ ಹೇಳುತ್ತೇನೆ. ರಿಮೋಟ್ ಬಿಎಲ್‌ಡಿಸಿ ಫ್ಯಾನ್ ಹಾಕುವಾಗ ಗೋಡೆಯ ಹಳೆಯ ರೆಗ್ಯುಲೇಟರ್ ತೆಗೆಸಿ, ಸ್ವಿಚ್‌ನಿಂದ ನೇರ ಕೊಡಿಸಿ. ನಮ್ಮ ವಾಯರ್‌ಮನ್ "ಫುಲ್‌ನಲ್ಲಿ ಇಟ್ಟರೆ ಸಾಕು ಭಾಭಿ" ಅಂದರು, ನಾನು ಒಪ್ಪಲಿಲ್ಲ. ಈ ಫ್ಯಾನಿನ ಒಳಗೆ ಕರೆಂಟನ್ನು ಡಿಸಿಗೆ ತಿರುಗಿಸುವ ಬೋರ್ಡ್ ಇರುತ್ತದೆ. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುತ್ತದೆ, ಮಕ್ಕಳು ಯಾರಾದರೂ ಅದನ್ನು ತಿರುಗಿಸಿದರೆ ಬೋರ್ಡ್ ಕೆಡಬಹುದು. ಆ ಬೋರ್ಡೇ ದುಬಾರಿ ಭಾಗ.

ಬಿಲ್ ಇಳಿಯುವುದು ನಿಜ. ಸಾದಾ ಫ್ಯಾನ್ ಪೂರ್ತಿ ವೇಗದಲ್ಲಿ 75 ವ್ಯಾಟ್ ಆಸುಪಾಸು ತಿನ್ನುತ್ತದೆ, ಇದು ಸುಮಾರು 30. ದಿನಕ್ಕೆ 15 ಗಂಟೆ ಓಡಿದರೆ ತಿಂಗಳಿಗೆ ಒಂದು ಫ್ಯಾನಿಗೆ 20 ಯೂನಿಟ್ ಉಳಿತಾಯ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ ಕಡ್ಡಾಯ, ಹಾಗಾಗಿ ಹೋಲಿಸಿ ನೋಡುವುದು ಸುಲಭ.

ಅತ್ತೆಯ ಕೋಣೆಗೆ ಮಾತ್ರ ಇದನ್ನು ಹಾಕಿಸಿಲ್ಲ. ಅವರು ಧಾರವಾಡದವರು, "ಗೋಡಿ ಮ್ಯಾಲೆ ತಿರುವೋದು ಇಲ್ದ ಫ್ಯಾನ್ ನನಗ ಬ್ಯಾಡವಾ" ಅಂದುಬಿಟ್ಟರು. ಅವರ ಮಾತು ಸರಿಯೇ. ಕತ್ತಲಲ್ಲಿ ರಿಮೋಟ್ ಹುಡುಕುವ ಕೆಲಸ ಆ ವಯಸ್ಸಿನವರಿಗೆ ಯಾಕೆ? ಅಲ್ಲಿ ಸಾದಾ ಫ್ಯಾನ್, ಅದಕ್ಕೆ ಮುಂಬೈಯ ಎಲೆಕ್ಟ್ರಿಕ್ ಸಾಮಾನಿನ ಮಾರ್ಕೆಟ್ ಲೋಹಾರ್ ಚಾಳ್‌ನಿಂದ ತಂದ ಕೆಪಾಸಿಟರ್ ಬಗೆಯ ಸ್ಟೆಪ್ ರೆಗ್ಯುಲೇಟರ್. ನಾಲ್ಕು ಮೆಟ್ಟಿಲು ಮಾತ್ರ, ಗುಂಯ್ ಅನ್ನುವ ಸದ್ದಿಲ್ಲ, ಸೆಲ್ ಬೇಡ. ಬಿಎಲ್‌ಡಿಸಿಯಲ್ಲೂ ಗೋಡೆಯಿಂದಲೇ ನಡೆಸುವ ಮಾಡೆಲ್‌ಗಳು ಈಗ ಬಂದಿವೆ, ಅವರ ಫ್ಯಾನ್ ಹಳೆಯದಾದ ಮೇಲೆ ಅಂಥದ್ದನ್ನೇ ಹಾಕಿಸುತ್ತೇನೆ.