ಮೂರು ವರ್ಷ ಬಳಸಿದ 20 ಕೆ.ಜಿ. ಡಂಬೆಲ್ ಸೆಟ್: ಮನೆಯಲ್ಲೇ ಸಾಮು ಮಾಡಬೇಕು ಅಂದುಕೊಂಡ ಗಂಡಸರಿಗಾಗಿ

ಈ ಸೆಟ್ ತಂದಾಗ ನನಗೆ 44 ವರ್ಷ. ಈಗ 47. ವಾರಕ್ಕೆ ಮೂರು ದಿನ ಬಳಸಿದ್ದೇನೆ. ಒಮ್ಮೆ ಭುಜದ ನೋವಿನಿಂದ ಆರು ವಾರ ನಿಲ್ಲಿಸಿದ್ದೆ. ಪ್ರತಿ ವರ್ಷ ತೊಗರಿ ಆವಕ ಜೋರಾದಾಗ ಒಂದಿಷ್ಟು ದಿನ ತಪ್ಪುತ್ತದೆ. ನಾನು ಕಲಬುರಗಿಯ ಒಂದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಜನವರಿಯಲ್ಲಿ ನಮಗೆ ಊಟಕ್ಕೂ ಸರಿಯಾಗಿ ಸಮಯ ಸಿಗುವುದಿಲ್ಲ.

ಯಾಕೆ ಕೊಂಡೆ ಅನ್ನುವುದನ್ನು ಮೊದಲು ಹೇಳಬೇಕು. ಅದನ್ನು ಮುಚ್ಚಿಟ್ಟು ಬರೀ ಪ್ಲೇಟು, ರಾಡು ಅಂತ ಬರೆದರೆ ಓದುವವರಿಗೆ ಉಪಯೋಗವಿಲ್ಲ. ನಾನು ಆರೋಗ್ಯಕ್ಕೆ ಅಂತ ಕೊಳ್ಳಲಿಲ್ಲ. ನನ್ನ ಎದೆಗಾಗಿ ಕೊಂಡೆ.

ಹದಿನೈದನೇ ವಯಸ್ಸಿನಿಂದ ನನ್ನ ಎದೆ ಗಂಡಸರ ಎದೆಯಂತೆ ಸಪಾಟಾಗಿಲ್ಲ. ಸ್ವಲ್ಪ ಉಬ್ಬಿದೆ. ಹೊಟ್ಟೆ ಬಂದಮೇಲೆ ಅದು ಇನ್ನೂ ಎದ್ದು ಕಾಣತೊಡಗಿತು. ಶಾಲೆಯಲ್ಲಿ ಇಟ್ಟ ಅಡ್ಡಹೆಸರು ನನಗೆ ಈಗಲೂ ನೆನಪಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮೂರಿನ ಮೇ ತಿಂಗಳು ಗೊತ್ತಲ್ವಾ, 43 ಡಿಗ್ರಿ ಬಿಸಿಲು. ಆ ಬಿಸಿಲಿನಲ್ಲೂ ಒಳಗೆ ದಪ್ಪ ಬನಿಯನ್, ಮೇಲೆ ಸಡಿಲ ಅಂಗಿ. ಮನೆಯಲ್ಲಿ ಕೂಡ ಬರೀ ಮೈಯಲ್ಲಿ ಕೂತವನಲ್ಲ. ಮದುವೆಯಾಗಿ ಎಷ್ಟೋ ವರ್ಷ ನನ್ನ ಹೆಂಡತಿಯ ಮುಂದೆಯೂ ದೀಪ ಆರಿಸಿಯೇ ಅಂಗಿ ಬದಲಿಸುತ್ತಿದ್ದೆ.

ಒಂದು ಹುಣ್ಣಿಮೆಗೆ ಮನೆಮಂದಿಯೆಲ್ಲ ಗಾಣಗಾಪುರಕ್ಕೆ ಹೋಗಿದ್ದೆವು. ಭೀಮಾ ಮತ್ತು ಅಮರ್ಜಾ ಕೂಡುವ ಸಂಗಮದಲ್ಲಿ ಗಂಡಸರೆಲ್ಲ ಅಂಗಿ ಕಳಚಿ ಮುಳುಗು ಹಾಕುತ್ತಿದ್ದರು. ನಾನು ಬನಿಯನ್ ಹಾಕಿಕೊಂಡೇ ನೀರಿಗೆ ಇಳಿದೆ. ಮೇಲೆ ಬಂದಾಗ ಒದ್ದೆ ಬಟ್ಟೆ ಮೈಗೆ ಅಂಟಿಕೊಂಡಿತ್ತು. ನನ್ನ ತಂಗಿಯ ಸಣ್ಣ ಮಗ ಕೈ ತೋರಿಸಿ ಕೇಳಿದ, "ಮಾಮಾ, ನಿಮ್ಮದ್ಯಾಕ ಹಂಗದ?" ಮಗು ಅದು, ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ತಂಗಿ ಅವನ ಬಾಯಿ ಮುಚ್ಚಿದಳು. ಅವಳು ಮುಚ್ಚಿದ್ದೇ ನನಗೆ ಜಾಸ್ತಿ ನೋವಾಯಿತು. ಅಂದರೆ ಎಲ್ಲರಿಗೂ ಕಂಡಿದೆ, ಯಾರೂ ಹೇಳುತ್ತಿಲ್ಲ ಅಷ್ಟೇ.

ಅದಾದ ವಾರದಲ್ಲಿ ಜಿಮ್ ಸೇರಿದೆ. ಒಂದು ವರ್ಷದ ಫೀಸು ಒಟ್ಟಿಗೆ ಕಟ್ಟಿದೆ. ಹೋಗಿದ್ದು ಹನ್ನೊಂದು ದಿನ. ಮೊದಲ ದಿನವೇ ಅಂಗಿ ತೆಗೆಸಿ ಫೋಟೋ ಹಿಡಿದರು. ಮೂರು ತಿಂಗಳ ನಂತರ ಹೋಲಿಸಿ ನೋಡಲು ಅಂದರು. ಹನ್ನೊಂದನೇ ದಿನ ಆ ಫೋಟೋ ಅವರ ವಾಟ್ಸಾಪ್ ಗುಂಪಿನಲ್ಲಿ ಬಂತು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ತೆಗೆಯಿರಿ ಅಂದೆ, ತೆಗೆದರು. ಆದರೆ ಫೀಸು ವಾಪಸ್ ಕೊಡಲಿಲ್ಲ, ನಾನೂ ಮತ್ತೆ ಅಲ್ಲಿಗೆ ಕಾಲಿಡಲಿಲ್ಲ. ಜಿಮ್ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಬೇಡಿಕೆ. ನಲವತ್ತು ದಾಟಿದ ಗಂಡಸು ನಿಮ್ಮ ಬಾಗಿಲವರೆಗೆ ಬರಲು ಎಷ್ಟು ವರ್ಷ ಧೈರ್ಯ ಕೂಡಿಸಿರುತ್ತಾನೆ ನಿಮಗೆ ಗೊತ್ತಿಲ್ಲ. ದಯವಿಟ್ಟು ಕೇಳದೆ ಅವನ ಮೈ ಯಾರಿಗೂ ತೋರಿಸಬೇಡಿ.

ಹೀಗೆ ಡಂಬೆಲ್ ಸೆಟ್ ಮನೆಗೆ ಬಂತು. ಆನ್‌ಲೈನ್‌ನಲ್ಲಿ 1,600 ರೂಪಾಯಿ. ಎರಡು ಗಿಡ್ಡ ರಾಡು, ನಾಲ್ಕು ನಟ್ಟು, ಎಂಟು ಪ್ಲೇಟು. 20 ಕೆ.ಜಿ. ಅಂದರೆ ಎಲ್ಲಾ ಪ್ಲೇಟು ಸೇರಿ 20. ಒಂದು ಕೈಗೆ 20 ಅಲ್ಲ. ಇದನ್ನು ತಪ್ಪು ತಿಳಿದು ಕೊಂಡವರು ಬಹಳ ಜನ ಇದ್ದಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಪಾರ್ಸೆಲ್ ಮಿಲ್ಲಿನ ವಿಳಾಸಕ್ಕೆ ತರಿಸಿದ್ದೆ. ಮನೆಗೆ ಒಯ್ಯುವ ಮೊದಲು ಪ್ಲೇಟುಗಳನ್ನು ನಮ್ಮ ಎಲೆಕ್ಟ್ರಾನಿಕ್ ಕಾಟಾದ ಮೇಲೆ ಇಟ್ಟು ನೋಡಿದೆ. 18 ಕೆ.ಜಿ. 700 ಗ್ರಾಂ ಬಂತು.

ಅವು ಪಿವಿಸಿ ಪ್ಲೇಟು. ಮೇಲೆ ಪ್ಲಾಸ್ಟಿಕ್ ಹೊದಿಕೆ, ಒಳಗೆ ಸಿಮೆಂಟು ಮರಳು. ನಮ್ಮ ಮನೆಯ ನೆಲ ಶಹಾಬಾದ್ ಪರಸಿ. ಅದರ ಮೇಲೆ ಸ್ವಲ್ಪ ಜೋರಾಗಿ ಇಟ್ಟರೂ ಪ್ಲೇಟಿಗೂ ಪೆಟ್ಟು, ಪರಸಿಗೂ ಪೆಟ್ಟು. ಎಂಟನೇ ತಿಂಗಳಲ್ಲಿ ಒಂದು ಪ್ಲೇಟು ಅಂಚಿನಲ್ಲಿ ಸೀಳಿತು. ಎತ್ತಿದಾಗೆಲ್ಲ ಬೂದು ಪುಡಿ ಉದುರುತ್ತಿತ್ತು. ಮಾರಿದವರು ಒಡೆದದ್ದಕ್ಕೆ ವಾರಂಟಿ ಇಲ್ಲ ಅಂದರು. ಆಮೇಲೆ ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯ ಅಂಗಡಿಯಿಂದ ಕಬ್ಬಿಣದ ಪ್ಲೇಟು ತೂಕದ ಲೆಕ್ಕದಲ್ಲಿ ತಂದೆ, ಕೆ.ಜಿ.ಗೆ 120 ರೂಪಾಯಿ. ಅವನ್ನೂ ಕಾಟಾಕ್ಕೆ ಹಾಕಿದೆ. ಒಂದೊಂದರಲ್ಲಿ 50 ಗ್ರಾಂ ಆಚೀಚೆ ಅಷ್ಟೇ. ಎರಡು ವರ್ಷ ಮೇಲಾಯಿತು, ಏನೂ ಆಗಿಲ್ಲ. ಮಳೆಗಾಲದಲ್ಲಿ ತುಕ್ಕು ಬರುತ್ತದೆ, ಹೊಲಿಗೆ ಮಷೀನಿನ ಎಣ್ಣೆ ಒರೆಸಿದರೆ ಸಾಕು. ನೆಲದ ಮೇಲೆ ಹಳೆಯ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಸಿ. ಅದಕ್ಕಿಂತ ಒಳ್ಳೆಯ ಮ್ಯಾಟು ನನಗೆ ಸಿಕ್ಕಿಲ್ಲ.

ನಟ್ಟಿನ ವಿಷಯ ಮರೆಯಬೇಡಿ. ಹತ್ತು ಸಲ ಎತ್ತಿಳಿಸಿದರೆ ನಟ್ಟು ಸಡಿಲವಾಗುತ್ತದೆ. ಪ್ರತಿ ಸರದಿಗೂ ಬಿಗಿ ಮಾಡಬೇಕು. ಒಮ್ಮೆ ತಲೆಯ ಮೇಲೆ ಎತ್ತಿದಾಗ ಒಂದು ಪ್ಲೇಟು ಜಾರಿ ನನ್ನ ಕಾಲಿನ ಪಕ್ಕದಲ್ಲಿ ಬಿತ್ತು. ಪರಸಿ ಬಿರುಕು ಬಿಟ್ಟಿತು. ಆ ಬಿರುಕು ಈಗಲೂ ಇದೆ.

ಇನ್ನೊಂದು ಕೊರತೆ. ಸೆಟ್‌ನಲ್ಲಿ ಎಲ್ಲಕ್ಕಿಂತ ಸಣ್ಣ ಪ್ಲೇಟು 2 ಕೆ.ಜಿ. ಎರಡು ಕಡೆ ಹಾಕಿದರೆ ಒಮ್ಮೆಲೇ 4 ಕೆ.ಜಿ. ಏರುತ್ತದೆ. ಭುಜದ ಕಸರತ್ತಿಗೆ ಅದು ತುಂಬಾ ದೊಡ್ಡ ಜಿಗಿತ. ನನ್ನ ಭುಜ ಕೆಟ್ಟಿದ್ದೇ ಹೀಗೆ. ಐದನೇ ತಿಂಗಳಲ್ಲಿ ಆತುರಪಟ್ಟು ಭಾರ ಏರಿಸಿದೆ, ಮರುದಿನ ಅಂಗಿಯ ತೋಳಿಗೆ ಕೈ ಹಾಕಲು ಆಗಲಿಲ್ಲ. ಆರು ವಾರ ವಿಶ್ರಾಂತಿ. ವಾಸಿಯಾದಮೇಲೆ ಲೇತ್ ಅಂಗಡಿಯಲ್ಲಿ ಅರ್ಧ ಕೆ.ಜಿ.ಯ ನಾಲ್ಕು ಬಿಲ್ಲೆ ಕತ್ತರಿಸಿಕೊಂಡೆ. ಈ ಮೂರು ವರ್ಷದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಖರ್ಚು ಅದು.

ಎತ್ತುವುದನ್ನು ಕಲಿತದ್ದು ಎಲ್ಲಿ ಅಂತ ಕೇಳಿದರೆ, ನಮ್ಮ ಮಿಲ್ಲಿನ ಹಮಾಲರಿಂದ. ಮೊದಲು ವಿಡಿಯೋ ನೋಡಿ ಮಾಡುತ್ತಿದ್ದೆ, ಸೊಂಟ ಹಿಡಿಯುತ್ತಿತ್ತು. ಒಂದು ದಿನ ಮಧ್ಯಾಹ್ನ ಗೋದಾಮಿನಲ್ಲಿ ಒಬ್ಬ ಹಿರಿಯ ಹಮಾಲರ ಹತ್ತಿರ ಕೇಳಿಯೇಬಿಟ್ಟೆ. ಐವತ್ತೈದರ ಮೇಲಿನ ವಯಸ್ಸು, ದಿನಾ 50 ಕೆ.ಜಿ. ಚೀಲ ಹೊರುವವರು. ಅವರು ನಗಲಿಲ್ಲ. "ಸಾಹೇಬ್ರ, ಬೆನ್ನ ಬಾಗಸಬ್ಯಾಡ್ರಿ. ಮಣಕಾಲ ಮಡಚ್ರಿ. ಚೀಲ ಮೈಗೆ ಹತ್ತಿರ ಇರಬೇಕ್ರಿ. ಎತ್ತುವಾಗ ಉಸರ ಬಿಡ್ರಿ, ಹಿಡಕೋಬ್ಯಾಡ್ರಿ" ಅಂದರು. ಖಾಲಿ ಕೈಯಲ್ಲಿ ಹತ್ತು ಸಲ ಮಾಡಿಸಿದರು. ಉಸಿರು ಹಿಡಿದು ಎತ್ತಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ ಅಂತ ಆಮೇಲೆ ಡಾಕ್ಟರೂ ಹೇಳಿದರು. ಬಿಪಿ ಇರುವವರು ಡಾಕ್ಟರನ್ನು ಕೇಳದೆ ಭಾರ ಮುಟ್ಟಬೇಡಿ.

ಡಾಕ್ಟರ ಹತ್ತಿರ ಹೋಗಿದ್ದು ಭುಜಕ್ಕೆ. ಅಲ್ಲೇ ಧೈರ್ಯ ಮಾಡಿ ಎದೆಯನ್ನೂ ತೋರಿಸಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ. ಎರಡು ಬೆರಳಿನಿಂದ ಒತ್ತಿ ನೋಡಲು ಅವರಿಗೆ ಒಂದು ನಿಮಿಷ ಹಿಡಿಯಿತು. ಗಂಡಸರಿಗೂ ಮೊಲೆತೊಟ್ಟಿನ ಹಿಂದೆ ಸ್ವಲ್ಪ ಗ್ರಂಥಿ ಇರುತ್ತದೆ. ಹಾರ್ಮೋನು ಏರುಪೇರಾದರೆ ಅದು ಬೆಳೆಯುತ್ತದೆ. ಕೆಲವು ಮಾತ್ರೆಗಳಿಂದಲೂ, ಹೆಚ್ಚು ಕುಡಿತದಿಂದಲೂ, ಮೈ ಬೆಳೆಸಲು ತೆಗೆದುಕೊಳ್ಳುವ ಸ್ಟೀರಾಯ್ಡ್‌ನಿಂದಲೂ ಆಗುತ್ತದೆ. ಕೆಲವರಿಗೆ ಬರೀ ಕೊಬ್ಬು. ನನಗೆ ಎರಡೂ ಇದೆಯಂತೆ. ಕೊಬ್ಬು ಕರಗಬಹುದು, ಗ್ರಂಥಿ ಕಸರತ್ತಿನಿಂದ ಹೋಗುವುದಿಲ್ಲ, ಬೇಕೇ ಬೇಕು ಅಂದರೆ ಆಪರೇಷನ್ ಇದೆ, ಇಲ್ಲದಿದ್ದರೂ ಅಪಾಯವಿಲ್ಲ ಅಂದರು. ಒಂದೇ ಕಡೆ ಗಟ್ಟಿ ಗಂಟು, ತೊಟ್ಟಿನಿಂದ ನೀರು ಅಥವಾ ರಕ್ತ ಬಂದರೆ ಮಾತ್ರ ತಡ ಮಾಡಬಾರದು. ಸ್ತನ ಕ್ಯಾನ್ಸರ್ ಅಪರೂಪಕ್ಕೆ ಗಂಡಸರಿಗೂ ಬರುತ್ತದೆ, ನಾಚಿಕೆಯಿಂದ ತೋರಿಸದೆ ಕೂರಬೇಡಿ.

ಅವರು ಹೇಳಿದ ಇನ್ನೊಂದು ಮಾತು ನನ್ನ ಲೆಕ್ಕವನ್ನೇ ಬದಲಿಸಿತು. ಎದೆಯ ಕಸರತ್ತು ಮಾಡಿದರೆ ಎದೆಯ ಕೊಬ್ಬು ಹೋಗುವುದಿಲ್ಲ. ಮೈ ತನಗೆ ಬೇಕಾದ ಕಡೆಯಿಂದ ಕೊಬ್ಬು ತೆಗೆಯುತ್ತದೆ, ನಮಗೆ ಬೇಕಾದ ಕಡೆಯಿಂದ ಅಲ್ಲ. ಐದು ತಿಂಗಳು ನಾನು ಹೆಚ್ಚಾಗಿ ದಂಡ ಹೊಡೆದು, ಎದೆಯನ್ನೇ ಹಿಂಡಿದ್ದೆ. ಅಂದಿನಿಂದ ಇಡೀ ಮೈಗೆ ಮಾಡುತ್ತಿದ್ದೇನೆ. ಡಂಬೆಲ್ ಎದೆಗೆ ಹಿಡಿದು ಬೈಠಕ್, ಮಂಚಕ್ಕೆ ಒಂದು ಕೈ ಊರಿ ಇನ್ನೊಂದು ಕೈಯಲ್ಲಿ ಎಳೆಯುವುದು, ನಿಂತು ತಲೆಯ ಮೇಲೆ ಎತ್ತುವುದು, ದಂಡ. ಪ್ರತಿಯೊಂದೂ ಎಂಟರಿಂದ ಹನ್ನೆರಡು ಸಲ, ಮೂರು ಸರದಿ. ಉಳಿದ ದಿನ ನಮ್ಮೂರಿನ ಅಪ್ಪನ ಕೆರೆಯ ಸುತ್ತ ನಡಿಗೆ. ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ, ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದಕ್ಕೆ ಇದು ಸರಿಹೋಗುತ್ತದೆ. ಮೂವತ್ತು ದಾಟಿದಮೇಲೆ ಸ್ನಾಯು ನಿಧಾನಕ್ಕೆ ಕರಗುತ್ತಾ ಹೋಗುತ್ತದೆ, ಬರೀ ನಡೆದರೆ ಅದು ನಿಲ್ಲುವುದಿಲ್ಲ.

ಬೇಸಿಗೆಯಲ್ಲಿ ಬೆಳಿಗ್ಗೆ ಐದೂವರೆಗೆ ಮುಗಿಸಬೇಕು. ಮಾಳಿಗೆ ಮೇಲೆ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಕಬ್ಬಿಣ ಕೈ ಸುಡುತ್ತದೆ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರೊಟ್ಟಿ ಬಿಟ್ಟಿಲ್ಲ. ಮೂರರ ಜಾಗದಲ್ಲಿ ಎರಡು, ಬೇಳೆ ಎರಡು ಪಟ್ಟು. ಹಸಿ ತೊಗರಿ ಬೇಳೆ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ತೊಗರಿಯ ನಾಡಿನಲ್ಲಿ ಕೂತು ಪೌಡರ್ ಡಬ್ಬಿ ಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮಾತ್ರ ಅಳತೆಯಲ್ಲಿ ತಿನ್ನಿ, ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆಯೇ ಇದೆ. ಸಂಜೆಯ ಮಿರ್ಚಿ ಭಜಿ ವಾರಕ್ಕೊಮ್ಮೆ.

ಫಲ ಏನು ಅಂದರೆ, ತೂಕ 84 ಇತ್ತು, ಈಗ 78. ಸೊಂಟ 104 ಸೆಂ.ಮೀ. ಇದ್ದದ್ದು 94. ನಮ್ಮ ಗಂಡಸರಿಗೆ 90ರ ಒಳಗೆ ಇರಬೇಕು, ಇನ್ನೂ ದಾರಿ ಇದೆ. ಮೂರು ವರ್ಷಕ್ಕೆ ಇಷ್ಟೇನಾ ಅನ್ನಿಸಬಹುದು. ಒಂದು ಕೈಯಲ್ಲಿ 6 ಕೆ.ಜಿ. ಎಳೆಯುತ್ತಿದ್ದವನು ಈಗ 14 ಎಳೆಯುತ್ತೇನೆ. ತುಂಬಿದ ಗ್ಯಾಸ್ ಸಿಲಿಂಡರ್ 30 ಕೆ.ಜಿ. ಹತ್ತಿರ ಇರುತ್ತದೆ, ಅದನ್ನು ಮೊದಲ ಮಹಡಿಗೆ ನಾನೇ ಹೊತ್ತು ತರುತ್ತೇನೆ. ಎದೆ ಮಾತ್ರ ಪೂರ್ತಿ ಹೋಗಿಲ್ಲ. ಸ್ವಲ್ಪ ಇಳಿದಿದೆ, ಅಂಗಿ ತೆಗೆದರೆ ಈಗಲೂ ಕಾಣುತ್ತದೆ. ಹೋದ ವರ್ಷ ಮತ್ತೆ ಸಂಗಮಕ್ಕೆ ಹೋದಾಗ ಬನಿಯನ್ ತೆಗೆದು ನೀರಿಗೆ ಇಳಿದೆ. ಬೆನ್ನಿಗೆ ನೇರವಾಗಿ ನೀರು ತಾಗಿತು. ಎಷ್ಟು ತಂಪಿತ್ತು!

ಹೋದ ಬೇಸಿಗೆಯಲ್ಲಿ ನನ್ನ ಮಗ ಮನೆಯೊಳಗೂ ಬನಿಯನ್ ಮೇಲೆ ಟೀ-ಶರ್ಟ್ ಹಾಕಿಕೊಂಡು ಓಡಾಡತೊಡಗಿದ. ಅವನಿಗೆ ಹದಿನೈದು. ಒಂದು ದಿನ ಅಲಮಾರಿಯ ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನಿಂತು ಅಂಗಿ ಎಳೆದುಕೊಳ್ಳುವುದನ್ನು ನೋಡಿದೆ. ನಾನು ನಿಲ್ಲುತ್ತಿದ್ದದ್ದೂ ಹಾಗೆಯೇ. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಆ ರಾತ್ರಿ ಮಾಳಿಗೆಗೆ ಕರೆದುಕೊಂಡು ಹೋಗಿ ನನ್ನ ಅಂಗಿ ತೆಗೆದು ತೋರಿಸಿದೆ. ನನಗೂ ನಿನ್ನ ವಯಸ್ಸಿನಲ್ಲೇ ಶುರುವಾಯಿತು ಅಂದೆ. ಅವನು ಬಹಳ ಹೊತ್ತು ಸುಮ್ನೆ ಕೂತು ಕೇಳಿದ, "ಅಪ್ಪಾ, ನಂದೂ ಹಿಂಗೇ ಉಳೀತದೇನು?"

ಅದೇ ಡಾಕ್ಟರಿಗೆ ತೋರಿಸಿದೆವು. ಹರೆಯದಲ್ಲಿ ಹುಡುಗರಿಗೆ ಇದು ತುಂಬಾ ಸಾಮಾನ್ಯ, ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನಾಗಿಯೇ ಇಳಿಯುತ್ತದೆ ಅಂದರು. ಉಳಿದರೆ ಆಗ ನೋಡೋಣ ಅಂದರು. ಇಷ್ಟು ಸಣ್ಣ ಮಾತನ್ನು ನನಗೆ ಹದಿನೈದರಲ್ಲಿ ಯಾರೂ ಹೇಳಿರಲಿಲ್ಲ. ನಮ್ಮ ಅಪ್ಪನಿಗೆ ಗೊತ್ತಿರಲಿಲ್ಲ, ನಾನೂ ಕೇಳಲಿಲ್ಲ.

ಈಗ ಅವನೂ ಸಂಜೆ ನನ್ನ ಜೊತೆ ಎತ್ತುತ್ತಾನೆ, ಒಂದು ಕೈಗೆ 4 ಕೆ.ಜಿ. ಉಸಿರು ಹಿಡಿಯಬಾರದು ಅನ್ನುವುದನ್ನು ನನಗಿಂತ ಬೇಗ ಕಲಿತ. ಪ್ಲೇಟು ಬದಲಿಸುವುದಕ್ಕೇ ಅರ್ಧ ಸಮಯ ಹೋಗುತ್ತದೆ ಅಂತ ಗೊಣಗುತ್ತಾನೆ, ಅದು ನಿಜ. ಒಂದೇ ಸೆಟ್ ಇಬ್ಬರಿಗೆ ಸಾಲುವುದಿಲ್ಲ. ಈ ದೀಪಾವಳಿಗೆ ಇನ್ನೊಂದು ಜೊತೆ ರಾಡು, ನಾಲ್ಕು ಸಣ್ಣ ಪ್ಲೇಟು ತರಬೇಕು. ಈ ಸಲ ಪಿವಿಸಿ ಅಲ್ಲ, ಕಬ್ಬಿಣದ್ದೇ.