ಒತ್ತಿದರೆ ಒತ್ತಕ್ಷರ ಉಳಿಯಬೇಕು: ಸಂಕ್ರಾಂತಿ ಕಾರ್ಡಿಗೆ ಸ್ಟಾಂಪೋ, ಡೈಯೋ?

ನಮ್ಮ ಮನೆಯಲ್ಲಿ ಸಂಕ್ರಾಂತಿಗೆ ಕಾರ್ಡ್ ಕಳಿಸುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಹಿಂದೆ ಡಿಸೆಂಬರ್ ಕೊನೆಗೆ ಬೀದಿ ಬದಿಯಲ್ಲಿ ದಾರಕ್ಕೆ ನೇತುಹಾಕಿ ಮಾರುತ್ತಿದ್ದರು. ಗುಲಾಬಿ ಹೂವು, ಸೂರ್ಯೋದಯ, ಸಿನಿಮಾ ನಟರು, ಎಲ್ಲ ಸಿಗುತ್ತಿತ್ತು. ಅವು ಕಾಣೆಯಾದ ಮೇಲೆ ನಾನೇ ಮಾಡಲು ಶುರು ಮಾಡಿದೆ. ವರ್ಷಕ್ಕೆ ನಲವತ್ತು ಕಾರ್ಡು. ಎಲ್ಲದರ ಮೇಲೂ ಒಂದೇ ಸಾಲು: ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’.

ಈ ಸಾಲನ್ನು ಒಮ್ಮೆ ಸರಿಯಾಗಿ ನೋಡಿ. ಳ್ಳು, ಲ್ಲ, ಳ್ಳೆ. ಐದು ಪದಕ್ಕೆ ಮೂರು ಒತ್ತಕ್ಷರ. ನಾನು ನೋಡಿದ ಕಾರ್ಡ್ ವಿಡಿಯೋಗಳೆಲ್ಲ ಇಂಗ್ಲಿಷ್ ಅಕ್ಷರ ಇಟ್ಟುಕೊಂಡೇ ಹೇಳಿಕೊಡುತ್ತವೆ. ಅಲ್ಲಿ ಚೆಂದವಾಗಿ ಬರುವುದು ನಮ್ಮ ಳ ಒತ್ತಿನ ಹತ್ತಿರ ಬಂದ ತಕ್ಷಣ ಮಸಿಯ ಗುಡ್ಡೆ ಆಗಿಬಿಡುತ್ತದೆ. ಹಾಗಾಗಿ ಇಂಕ್ ಹಚ್ಚಿ ಒತ್ತುವ ಸ್ಟಾಂಪ್ ಆಗಲಿ, ಕಾಗದವನ್ನು ಆಕಾರಕ್ಕೆ ಕತ್ತರಿಸುವ ಡೈ ಆಗಲಿ, ನಾನು ಯಾವ ಸಾಮಾನು ತಂದರೂ ಮೊದಲು ಅದರ ಕೈಲಿ ‘ಎಳ್ಳು’ ಬರೆಸಿ ನೋಡುತ್ತೇನೆ. ಪಾಸಾದರೆ ಮಾತ್ರ ಮುಂದಿನ ಮಾತು.

ಮೊದಲ ವರ್ಷ ಅಳಿಸುವ ರಬ್ಬರ್ ಕೊರೆದೆ. ಶಾಲೆಯಲ್ಲಿ ಬೆಂಡೆಕಾಯಿ ಕತ್ತರಿಸಿ ಬಣ್ಣಕ್ಕೆ ಅದ್ದಿ ಹೂವು ಒತ್ತಿದ್ದೆವಲ್ಲ, ಅದರ ಮುಂದಿನ ತರಗತಿ ಇದು. ಪೆನ್ಸಿಲ್‌ನಲ್ಲಿ ತೆಳು ಹಾಳೆಯ ಮೇಲೆ ಚಿತ್ರ ಬರೆದು, ಅದನ್ನು ರಬ್ಬರ್ ಮೇಲೆ ಕವುಚಿ ಉಜ್ಜಿದರೆ ಗುರುತು ತಾನಾಗೇ ತಿರುಗುಮುರುಗಾಗಿ ಮೂಡುತ್ತದೆ. ಕೊರೆದು ಒತ್ತಿದಾಗ ಮತ್ತೆ ಸರಿಯಾಗುತ್ತದೆ. ಕಬ್ಬಿನ ಜಲ್ಲೆ, ಮಡಕೆ, ಹಸುವಿನ ಮುಖ ಇವಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಖರ್ಚೂ ಇಲ್ಲ. ಕೊರೆದ ಗೆರೆ ಸ್ವಲ್ಪ ಅಂಕುಡೊಂಕಾದರೂ ಕಬ್ಬಿಗೆ ಅದೇ ಚೆಂದ. ಆದರೆ ಅಕ್ಷರ? ‘ಎ’ ಬಂತು. ‘ಳ್ಳು’ ಕೊರೆಯುವಾಗ ಒತ್ತಿನ ಬಾಲ ಕಿತ್ತುಬಂತು. ಎರಡನೇ ರಬ್ಬರ್, ಮತ್ತೆ ಕಿತ್ತುಬಂತು. ಮೂರನೆಯದನ್ನು ಮಗನ ಜಾಮಿಟ್ರಿ ಬಾಕ್ಸಿಗೆ ವಾಪಸ್ ಇಟ್ಟೆ.

ಆ ವರ್ಷವೇ ಇನ್ನೊಂದು ಪೆದ್ದುತನವೂ ಆಯಿತು. ಅಮ್ಮನ ಸಕ್ಕರೆ ಅಚ್ಚಿನ ಮರದ ಮಣೆ ನೋಡಿ, ಇದಕ್ಕೇ ಇಂಕ್ ಹಚ್ಚಿ ಒತ್ತಿದರೆ ಹೇಗೆ ಅಂತ ಅನ್ನಿಸಿತು. ಸಕ್ಕರೆ ಅಚ್ಚಿನಲ್ಲಿ ಚಿತ್ರ ಗುಳಿ ಬಿದ್ದಿರುತ್ತದೆ, ಉಬ್ಬಿರುವುದಿಲ್ಲ. ಬಂದದ್ದು ನಡುವೆ ಬಿಳಿ ಮಚ್ಚೆ ಇರುವ ಕಪ್ಪು ಚೌಕ. ಅಮ್ಮ ಮಣೆಯನ್ನು ಮೂರು ಸಲ ತೊಳೆದು, ನನ್ನ ಕೈಗೆ ಸಿಗದ ಜಾಗದಲ್ಲಿಟ್ಟರು.

ಎರಡನೇ ವರ್ಷ ಎರಡು ಬಗೆಯ ಕ್ಲಿಯರ್ ಸ್ಟಾಂಪ್ ಪಕ್ಕಪಕ್ಕ ಇಟ್ಟು ನೋಡಿದೆ. ಪಾರದರ್ಶಕ ಆಗಿರುವುದರಿಂದ ಅಕ್ರಿಲಿಕ್ ಬ್ಲಾಕಿಗೆ (ಗಾಜಿನಂಥ ಪ್ಲಾಸ್ಟಿಕ್ ಬಿಲ್ಲೆ) ಅಂಟಿಸಿದರೆ ಎಲ್ಲಿ ಒತ್ತುತ್ತಿದ್ದೀರಿ ಅಂತ ಕಾಣುತ್ತದೆ. ದೊಡ್ಡ ಅನುಕೂಲ ಅದು. ಆದರೆ ಅಂಗಡಿಯಲ್ಲಿ ಎರಡೂ ಒಂದೇ ಥರ ಕಂಡರೂ ಒಂದೇ ಅಲ್ಲ. ಅಗ್ಗದ್ದು ಮೆತ್ತನೆ ಪ್ಲಾಸ್ಟಿಕ್. ಅದರ ಮೇಲೆ ಇಂಕ್ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಹನಿಹನಿಯಾಗಿ ನಿಲ್ಲುತ್ತದೆ. ಬಿಳಿ ರಬ್ಬರಿನಿಂದ ಮೇಲ್ಮೈ ಉಜ್ಜಿ ಸ್ವಲ್ಪ ಒರಟು ಮಾಡಿದರೆ ತಕ್ಕಮಟ್ಟಿಗೆ ಸುಧಾರಿಸುತ್ತದೆ. ದುಬಾರಿಯದು ಫೋಟೋಪಾಲಿಮರ್. ಇಂಕ್ ಸಮವಾಗಿ ಹಿಡಿಯುತ್ತದೆ, ಗೆರೆ ಚೂಪಾಗಿ ಬರುತ್ತದೆ. ವರ್ಷ ಕಳೆದಂತೆ ಹಳದಿ ತಿರುಗುತ್ತದೆ, ಬಿಸಿಲಿಗೆ ಇಟ್ಟರೆ ಇನ್ನೂ ಬೇಗ. ಒತ್ತಲು ಅದರಿಂದ ತೊಂದರೆಯಿಲ್ಲ.

ಎರಡರಲ್ಲೂ ನನಗೆ ಸಿಕ್ಕಿದ್ದು ಇಂಗ್ಲಿಷ್ ಸಾಲುಗಳು, ಹೂವುಗಳು, ಕ್ರಿಸ್‌ಮಸ್ ಮರಗಳು. ಎಳ್ಳು ಇಲ್ಲ, ಬೆಲ್ಲ ಇಲ್ಲ.

ಕೊನೆಗೆ ಕೋರ್ಟ್ ಹತ್ತಿರದ ರಬ್ಬರ್ ಸ್ಟಾಂಪ್ ಅಂಗಡಿಗೆ ಹೋದೆ. ನೋಟರಿ ಸೀಲು, ಸೊಸೈಟಿ ಸೀಲು ಮಾಡಿಕೊಡುವ ಪುಟ್ಟ ಅಂಗಡಿ. ಬರೆದುಕೊಂಡು ಹೋಗಿದ್ದ ಚೀಟಿ ಕೊಟ್ಟೆ. ಅಂಗಡಿಯವರು ಎರಡು ಸಲ ಓದಿ, ‘ಮೇಡಂ, ಇದು ಯಾವ ಡಿಪಾರ್ಟ್‌ಮೆಂಟ್?’ ಅಂದರು.

ಅವರು ಮಾಡುವುದನ್ನು ನಿಂತು ನೋಡಿದ ಮೇಲೆ ನನಗೆ ನಗು ಬಂತು. ಅಕ್ಷರದ ನೆಗೆಟಿವ್ ತೆಗೆದು, ಅದರ ಮೇಲೆ ದ್ರವ ಪಾಲಿಮರ್ ಸುರಿದು, ಅಲ್ಟ್ರಾವೈಲೆಟ್ ಬೆಳಕು ಬಿಡುತ್ತಾರೆ. ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ, ಉಳಿದದ್ದು ತೊಳೆದು ಹೋಗುತ್ತದೆ. ನಾನು ದುಡ್ಡು ಸುರಿದು ತರಿಸಿದ್ದ ಫೋಟೋಪಾಲಿಮರ್ ಸ್ಟಾಂಪೂ ಇದೇ ವಿದ್ಯೆ! ‘ಹಿಡಿ ಹಾಕಬೇಡಿ, ಪಾಲಿಮರ್ ಮಾತ್ರ ಕೊಡಿ’ ಅಂತ ಕೇಳಿ ತಂದು, ಡಬಲ್ ಟೇಪ್ ಹಾಕಿ ನನ್ನ ಅಕ್ರಿಲಿಕ್ ಬ್ಲಾಕಿಗೆ ಅಂಟಿಸಿದೆ. ಕ್ಲಿಯರ್ ಸ್ಟಾಂಪಿನ ಅನುಕೂಲ, ಕನ್ನಡದ ಸಾಲು, ಎರಡೂ ಒಟ್ಟಿಗೆ ಸಿಕ್ಕವು.

ಒಂದು ಎಚ್ಚರಿಕೆ. ಅಂಗಡಿಯವರಿಗೆ ಬಿಟ್ಟರೆ ಅವರು ಆಫೀಸ್ ಸೀಲಿನ ಅಳತೆಯಲ್ಲೇ ಮಾಡಿಕೊಡುತ್ತಾರೆ. ನನ್ನ ಮೊದಲ ಸ್ಟಾಂಪಿನಲ್ಲಿ ಅಕ್ಷರದ ಎತ್ತರ 3 ಮಿಲಿಮೀಟರ್ ಇತ್ತು. ಒತ್ತುಗಳೆಲ್ಲ ಮುಚ್ಚಿಹೋದವು. ಮುಂದಿನ ಸಲ ನಾನೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಅಕ್ಷರ 6 ಮಿಲಿಮೀಟರ್ ಇಟ್ಟು, ಸಾಲನ್ನು ಎರಡಾಗಿ ಮುರಿದು ಒಯ್ದೆ. ಫಾಂಟ್ ನೋಟೋ ಸಾನ್ಸ್ ಕನ್ನಡ, ದಪ್ಪ ಬೇಡ, ಮಾಮೂಲಿ ತೂಕದ್ದು. ‘ಎಳ್ಳು’ ಪಾಸಾಯಿತು. ದಪ್ಪ ಫಾಂಟ್ ಕಣ್ಣಿಗೆ ಚೆಂದ, ಸ್ಟಾಂಪಿಗೆ ಶತ್ರು.

ಇಂಕಿನ ವಿಷಯದಲ್ಲಿ ನಾನು ಕಲಿತದ್ದೆಲ್ಲ ಹಾಳು ಮಾಡಿಯೇ ಕಲಿತದ್ದು. ಆಫೀಸಿನ ನೀಲಿ ಪ್ಯಾಡ್ ಹ್ಯಾಂಡ್‌ಮೇಡ್ ಕಾಗದದ ಮೇಲೆ ನಾರುನಾರಾಗಿ ಹರಡುತ್ತದೆ, ನುಣುಪಾದ ಐವರಿ ಶೀಟ್ ಮೇಲೆ ಒಣಗುವುದೇ ಇಲ್ಲ. ಡೈ ಇಂಕ್ (ಇದು ಬಣ್ಣದ ಡೈ, ಕತ್ತರಿಸುವ ಡೈ ಅಲ್ಲ) ಬೇಗ ಒಣಗುತ್ತದೆ, ಕಾಗದದ ಒಳಕ್ಕೆ ಇಳಿಯುತ್ತದೆ, ವರ್ಷಗಳಲ್ಲಿ ಮಾಸುತ್ತದೆ. ಪಿಗ್ಮೆಂಟ್ ಇಂಕ್ ಮೇಲೆಯೇ ಕೂರುತ್ತದೆ, ಕಪ್ಪು ಅಂದರೆ ಕಡುಕಪ್ಪು, ಆದರೆ ನಿಧಾನ. ಒಂದು ವರ್ಷ ನಲವತ್ತು ಕಾರ್ಡು ಒತ್ತಿ ಒಂದರ ಮೇಲೊಂದು ಜೋಡಿಸಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಪ್ರತಿ ಕಾರ್ಡಿನ ಬೆನ್ನ ಮೇಲೂ ‘ಒಳ್ಳೆ ಮಾತಾಡಿ’ ಉಲ್ಟಾ ಮೂಡಿತ್ತು. ಅವತ್ತು ನಾನು ಒಳ್ಳೆ ಮಾತೇನೂ ಆಡಲಿಲ್ಲ. ಈಗ ವರ್ಸಾಫೈನ್ ಬಳಸುತ್ತೇನೆ, ಎಣ್ಣೆ ಆಧಾರದ ಪಿಗ್ಮೆಂಟ್ ಇಂಕ್ ಅದು. ಸಣ್ಣ ಗೆರೆ ಅದರಷ್ಟು ಚೆನ್ನಾಗಿ ನನಗೆ ಬೇರೆಯದರಲ್ಲಿ ಬಂದಿಲ್ಲ. ಒಣಗಲು ಅಡುಗೆಮನೆ ಕಟ್ಟೆ ಪೂರ್ತಿ ಹರಡಿಡಬೇಕು ಅಷ್ಟೆ.

ಎಂಬಾಸಿಂಗ್ ಪೌಡರ್ ಕೂಡ ನೋಡಿದೆ. ಅಂಟು ಇಂಕ್ ಒತ್ತಿ, ಚಿನ್ನದ ಬಣ್ಣದ ಪುಡಿ ಉದುರಿಸಿ, ಹೀಟ್ ಗನ್ ಹಿಡಿದರೆ ಪುಡಿ ಕರಗಿ ಉಬ್ಬುತ್ತದೆ. ಹೇರ್ ಡ್ರೈಯರ್ ಸಾಕಲ್ವಾ ಅಂತ ಕೇಳುವವರಿಗೆ: ಸಾಲದು. ಶಾಖ ಕಡಿಮೆ, ಗಾಳಿ ಜಾಸ್ತಿ. ಪುಡಿ ಹಾರಿ ಸಾರಿನ ಪಾತ್ರೆಗೆ ಬೀಳುತ್ತದೆ. ಫಲಿತಾಂಶ ಏನೋ ಮದುವೆ ಕಾರ್ಡಿನಷ್ಟು ಜೋರು, ಆದರೆ ಪುಡಿ ಕರಗಿ ಹರಡುವುದರಿಂದ ಒತ್ತುಗಳು ಮತ್ತೆ ತುಂಬಿಕೊಳ್ಳುತ್ತವೆ. ಕಬ್ಬಿಗೆ, ಸೂರ್ಯನಿಗೆ ಸರಿ. ಸಾಲಿಗೆ ಬೇಡ.

ಇನ್ನು ಕತ್ತರಿಸುವ ಕೆಲಸ. ಇಲ್ಲಿ ಪೈಪೋಟಿ ಕೈಯಲ್ಲಿ ತಿರುಗಿಸುವ ರೋಲರ್ ಮೆಷಿನ್ ಮತ್ತು ಕಂಪ್ಯೂಟರಿಗೆ ಜೋಡಿಸುವ ಮೆಷಿನ್ ನಡುವೆ. ಮೊದಲನೆಯದಕ್ಕೆ ಬಿಗ್ ಶಾಟ್, ಎರಡನೆಯದಕ್ಕೆ ಕ್ರಿಕಟ್, ಸಿಲೂಯೆಟ್ ಎಂಬ ಹೆಸರು ಕೇಳಿರುತ್ತೀರಿ. ರೋಲರ್ ಮೆಷಿನ್ ನನ್ನದೇ, ಇನ್ನೊಂದು ಗೆಳತಿಯಿಂದ ಎರಡು ತಿಂಗಳಿಗೆ ಎರವಲು.

ರೋಲರ್ ಮೆಷಿನ್ ನೋಡಿದರೆ ಕಬ್ಬಿನ ಹಾಲಿನ ಗಾಣದ ತಂಗಿ ಅನ್ನಬೇಕು. ಒಂದು ಪ್ಲೇಟ್, ಅದರ ಮೇಲೆ ಕಾಗದ, ಅದರ ಮೇಲೆ ಅಂಚು ಕೆಳಗಾಗಿ ಲೋಹದ ಡೈ, ಮೇಲೆ ಇನ್ನೊಂದು ಪ್ಲೇಟ್. ಹಿಡಿ ತಿರುಗಿಸಿದರೆ ಪ್ಲೇಟುಗಳು ಕರಕರ ಅನ್ನುತ್ತಾ ಒಳಗೆ ಹೋಗಿ ಆ ಕಡೆ ಬರುತ್ತವೆ. ಮೊದಲ ಸಲ ಆ ಸದ್ದಿಗೆ ಮೆಷಿನ್ ಒಡೆಯಿತು ಅಂದುಕೊಂಡೆ. ಸದ್ದು ಹಾಗೇ ಇರುತ್ತದೆ. ಕರೆಂಟ್ ಬೇಡ, ಲ್ಯಾಪ್‌ಟಾಪ್ ಬೇಡ. ಒಂದು ಸುತ್ತಿಗೆ ಅರ್ಧ ನಿಮಿಷ. ನಲವತ್ತು ಚೌಕಟ್ಟು ಒಂದು ಸಂಜೆಯ ಕೆಲಸ, ಟಿವಿ ನೋಡುತ್ತಲೇ ಮುಗಿಯುತ್ತದೆ. ಪ್ಲೇಟ್ ಬಾಗುತ್ತವೆ, ಅದಕ್ಕೆ ಪ್ರತಿ ಸಲ ಮಗ್ಗುಲು ಬದಲಿಸಿ. ಸೂಕ್ಷ್ಮ ಡೈಗಳಲ್ಲಿ ಕಾಗದ ಸಿಕ್ಕಿಕೊಂಡರೆ ನಡುವೆ ಒಂದು ತುಂಡು ಬೇಕಿಂಗ್ ಪೇಪರ್ ಇಡಿ, ಸಲೀಸಾಗಿ ಬಿಡುತ್ತದೆ. ಕೊರತೆ ಒಂದೇ: ಡೈಯಲ್ಲಿ ಇರುವ ಆಕಾರ ಮಾತ್ರ ನಿಮ್ಮದು. ನನಗೆ ಕಬ್ಬಿನ ಡೈ ಸಿಗಲಿಲ್ಲ. ಉದ್ದನೆ ಎಲೆಯ ಡೈಯಿಂದ ಗರಿ ಮಾಡಿ, ಜಲ್ಲೆಯನ್ನು ಕತ್ತರಿಯಲ್ಲೇ ಕತ್ತರಿಸಿದೆ.

ಕಂಪ್ಯೂಟರ್ ಮೆಷಿನ್ ಏನು ಬೇಕಾದರೂ ಕತ್ತರಿಸುತ್ತದೆ, ಕನ್ನಡವನ್ನೂ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ‘ಎಳ್ಳು ಬೆಲ್ಲ’ ಬರೆದು, ಅಕ್ಷರಗಳನ್ನು ಗೆರೆಗಳಾಗಿ ಮಾರ್ಪಡಿಸಿ ಕಳಿಸಿದೆ. ಇಲ್ಲಿ ದಪ್ಪ ಫಾಂಟೇ ಬೇಕು. ‘ಬಾಲೂ ತಮ್ಮ’ ಎಂಬ ಫಾಂಟ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅಂಚು ಚಾಕುವಿನಲ್ಲಿ ಕೊರೆದಷ್ಟು ಚೂಪು. ಒತ್ತೂ ಪಾಸ್. ಖುಷಿಯಿಂದ, ಕಾಗದ ಅಂಟಿಸಿಡುವ ಮ್ಯಾಟ್ ಎತ್ತಿ ನೋಡಿದರೆ ಒಂದು ಪದ ಇರಲಿಲ್ಲ, ತುಂಡುಗಳ ರಾಶಿ ಇತ್ತು.

ಹಿಂದಿಯ ಅಕ್ಷರಗಳಿಗೆ ತಲೆಯ ಮೇಲೆ ಬಟ್ಟೆ ಒಣಹಾಕುವ ತಂತಿಯ ಹಾಗೆ ಒಂದು ಗೆರೆ ಇದೆ. ಕತ್ತರಿಸಿದರೆ ಪದ ಒಟ್ಟಿಗೆ ನಿಲ್ಲುತ್ತದೆ. ನಮ್ಮವು ಒಂಟಿ ಮನೆಗಳು. ಎ ಬೇರೆ, ಳು ಬೇರೆ, ಕೆಳಗೆ ಒತ್ತು ಬೇರೆ. ‘ಎಳ್ಳು ಬೆಲ್ಲ’ಕ್ಕೇ ಆರು ತುಂಡು. ನಲವತ್ತು ಕಾರ್ಡಿಗೆ 240. ಚಿಮಟದಲ್ಲಿ ಎತ್ತಿ ಅಂಟಿಸುತ್ತಾ ಕೂತರೆ ಸಂಕ್ರಾಂತಿ ಹೋಗಿ ಯುಗಾದಿ ಬರುತ್ತದೆ. ಉಪಾಯ ಏನೆಂದರೆ, ಪದದ ಸುತ್ತ 3 ಮಿಲಿಮೀಟರ್ ಹಿಗ್ಗಿಸಿದ ನೆರಳಿನಂಥ ಆಕಾರವನ್ನು ಬೇರೆ ಬಣ್ಣದಲ್ಲಿ ಕತ್ತರಿಸಿ, ಅದರ ಮೇಲೆ ತುಂಡುಗಳನ್ನು ಕೂರಿಸುವುದು. ಆಗ ಪದ ಒಂದೇ ಬಿಲ್ಲೆಯಾಗುತ್ತದೆ. ನೋಡಲು ಎಲ್ಲಕ್ಕಿಂತ ಚೆಂದ ಇದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಹಾಳೆ ಕತ್ತರಿಸಲು ಹತ್ತು ನಿಮಿಷಕ್ಕೂ ಜಾಸ್ತಿ ಹಿಡಿಯಿತು. ಮ್ಯಾಟಿನ ಅಂಟಿಗೆ ಧೂಳು ಕೂತರೆ ಕಾಗದ ಜರುಗಿ ಎಲ್ಲ ಹಾಳು. ಇನ್ನೊಂದು ಮಾತು, ಕತ್ತರಿಸಿದ ಮೇಲೆ ಕಾಗದವನ್ನು ಮ್ಯಾಟಿನಿಂದ ಎಳೆಯಬೇಡಿ, ಸುರುಳಿ ಸುತ್ತುತ್ತದೆ. ಮ್ಯಾಟನ್ನು ಬೋರಲು ಹಾಕಿ ಮ್ಯಾಟನ್ನೇ ಬಾಗಿಸಿ ಬಿಡಿಸಿ.

ಎರವಲು ತಂದ ಮೆಷಿನ್ ವಾಪಸ್ ಕೊಟ್ಟೆ. ಕೊಳ್ಳುವುದಿಲ್ಲ. ವರ್ಷಕ್ಕೆ ಒಂದು ಹಬ್ಬಕ್ಕೆ ಕಾರ್ಡ್ ಮಾಡುವವಳಿಗೆ ಅದು ಆನೆ ಸಾಕಿದ ಹಾಗೆ. ನಿಮಗೆ ಹುಟ್ಟುಹಬ್ಬ, ಗೃಹಪ್ರವೇಶ, ಹೆಸರು ಹಾಕಿದ ಕಾರ್ಡುಗಳ ಆರ್ಡರ್ ಬರುತ್ತಿದ್ದರೆ ಲೆಕ್ಕ ಬೇರೆ, ಆಗ ರೋಲರ್ ಮೆಷಿನ್ ಬಿಟ್ಟು ಅದನ್ನೇ ತೆಗೆದುಕೊಳ್ಳಿ. ನನಗೆ ಅಂಗಡಿಯ ಪಾಲಿಮರ್ ಸ್ಟಾಂಪಿನ ಸಾಲು, ರೋಲರ್ ಮೆಷಿನ್ನಿನ ಚೌಕಟ್ಟು, ಕೈಯಲ್ಲಿ ಕೊರೆದ ಕಬ್ಬು ಸಾಕು. ಎರಡು ತಿಂಗಳಲ್ಲಿ ಮಾಡಿಟ್ಟುಕೊಂಡ ‘ಎಳ್ಳು ಬೆಲ್ಲ’ದ ಬಿಲ್ಲೆಗಳು ಐದು ಇದ್ದವು. ಅವನ್ನು ದೊಡ್ಡಮ್ಮಂದಿರ ಕಾರ್ಡಿಗೆ ಇಟ್ಟೆ.

ಆ ಐದೇ ಅಂಚೆಗೆ ತೊಡಕಾದದ್ದು. ಅಂಚೆಯಲ್ಲಿ ಪತ್ರಕ್ಕೆ ದರದ ಮೊದಲ ಹಂತ 20 ಗ್ರಾಂವರೆಗೆ. ಎ5 ಹಾಳೆ ಒಂದು ಚದರ ಮೀಟರಿನ 32ರಲ್ಲಿ ಒಂದು ಪಾಲು. 250 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 250 ಗ್ರಾಂ) ಕಾಗದವಾದರೆ ಮಡಿಸಿದ ಕಾರ್ಡ್ 8 ಗ್ರಾಂ ಹತ್ತಿರ, ಮೇಲಿನ ಚೌಕಟ್ಟು 4, ಲಕೋಟೆ 4. ಅಲ್ಲಿಗೇ 16. ಮೇಲೆ ಎರಡು ಪದರದ ಬಿಲ್ಲೆ, ಅದನ್ನು ಎತ್ತಿ ಹಿಡಿಯಲು ಫೋಮ್ ಟೇಪ್, ಕಬ್ಬಿನ ಜಲ್ಲೆ. ಅಡುಗೆಮನೆಯ ತಕ್ಕಡಿ 21 ತೋರಿಸಿತು. ಫೋಮ್ ಟೇಪ್ ಕಿತ್ತು ಫೆವಿಕಾಲ್ ಹಚ್ಚಿದೆ, 20. ಒಂದು ಜಲ್ಲೆ ಕಬ್ಬು ತೆಗೆದೆ, 19.